ತಿಳಿದು ಒಪ್ಪುವುದು

ಹದಿನಾರು ಪುಟಗಳ ಒಂದು ಕನ್ನಡ ಬರಹದ ವಿಚಾರವಾಗಿ ಈ ಹೊತ್ತು ತಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ. ಅದು ಕಥೆಯಲ್ಲ, ಪ್ರಬಂಧವಲ್ಲ. ಯಾವ ಪುಸ್ತಕದ ಅಂಗಡಿಯಲ್ಲಿಯೂ ದೊರೆಯುವಂಥದಲ್ಲ. ಔಷಧ ಪ್ರಯೋಗವೊಂದಕ್ಕೆ ಸೇರುವ ರೋಗಿಯ ಕೈಗೆ ಕೊಡುವ ಒಪ್ಪಿಗೆ ಪತ್ರ. ನಾನು ಮೂತ್ರಪಿಂಡದ ವೈದ್ಯ. ಜಯನಗರದಲ್ಲಿ ಬಹು ವರ್ಷಗಳಿಂದ ರೋಗಿಗಳನ್ನು ನೋಡುತ್ತ ಬಂದಿದ್ದೇನೆ. ಇಂಥ ಪತ್ರಗಳನ್ನು ಎಷ್ಟೋ ಜನರ ಮುಂದೆ ಇಟ್ಟು ಸಹಿ ಮಾಡಿಸಿಕೊಂಡಿದ್ದೇನೆ. ಆದರೆ ಅದನ್ನು ಕನ್ನಡವೆಂದು ಭಾವಿಸಿ ಮೊದಲಿನಿಂದ ಕೊನೆಯವರೆಗೆ ಓದಿದ್ದು, ಒಬ್ಬ ನಿವೃತ್ತ ಉಪಾಧ್ಯಾಯರು ನನ್ನನ್ನು ಕೂರಿಸಿಕೊಂಡು ಓದಿಸಿದ ಮೇಲೆಯೇ.

ಆ ಪ್ರಸಂಗಕ್ಕೆ ಬರುವ ಮೊದಲು ರೋಗದ ಪರಿಚಯ ಸ್ವಲ್ಪ ಆಗಬೇಕು.

ನಮ್ಮ ಬೆನ್ನಿನ ಇಕ್ಕೆಲಗಳಲ್ಲಿ, ಪಕ್ಕೆಲುಬಿನ ಮರೆಯಲ್ಲಿ, ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಜಾಲರಿಗಳು. ದಿನಕ್ಕೆ ಸುಮಾರು 180 ಲೀಟರು ದ್ರವ ಈ ಜಾಲರಿಗಳಲ್ಲಿ ಸೋಸಿ ಬರುತ್ತದೆ. ಅದರಲ್ಲಿ ಒಂದೂವರೆ ಎರಡು ಲೀಟರು ಮಾತ್ರ ಮೂತ್ರವಾಗಿ ಹೊರಬಿದ್ದು, ಮಿಕ್ಕದ್ದೆಲ್ಲ ಮತ್ತೆ ರಕ್ತಕ್ಕೇ ಸೇರುತ್ತದೆ. ರಕ್ತದ ಒತ್ತಡ ಬಹುಕಾಲ ಮಿತಿಮೀರಿದರೆ ಈ ಜಾಲರಿಗಳು ಒಂದೊಂದಾಗಿ ಗಟ್ಟಿಯಾಗಿ ಮುಚ್ಚಿಹೋಗುತ್ತವೆ. ಹೀಗೆ ಕೆಟ್ಟ ಮೂತ್ರಪಿಂಡವಾದರೂ ಸುಮ್ಮನಿರುವುದಿಲ್ಲ. ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಹಿಡಿದಿಡುತ್ತದೆ. ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಸುರಿದು ನಾಳಗಳನ್ನು ಬಿಗಿಯುವಂತೆ ಮಾಡುತ್ತದೆ. ಒತ್ತಡ ಇನ್ನೂ ಏರುತ್ತದೆ. ಮೊದಲು ಕೈಯೆತ್ತಿದವರು ಯಾರೆಂದು ಬಿಡಿಸಿ ಹೇಳಲಾಗದ ಜಗಳವಿದು.

ಈ ನಂಟನ್ನು ಮೊದಲು ಗುರುತಿಸಿದವರಲ್ಲಿ ಮುಖ್ಯನಾದವನು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್. ಚಮಚದಲ್ಲಿ ಮೂತ್ರವನ್ನು ಹಿಡಿದು ಮೇಣದಬತ್ತಿಯ ಉರಿಗೆ ಕಾಯಿಸಿ, ಅದು ಮೊಸರಿನಂತೆ ಹೆಪ್ಪುಗಟ್ಟಿದರೆ ಆಲ್ಬುಮಿನ್ ಇದೆಯೆಂದು ತಿಳಿಯುತ್ತಿದ್ದ ಕಾಲ ಅದು. ಅಂಥ ನೂರು ರೋಗಿಗಳ ವಿವರವನ್ನು ಬ್ರೈಟ್ 1836ರಲ್ಲಿ ಪ್ರಕಟಿಸಿದ. ಸತ್ತವರ ದೇಹಗಳಲ್ಲಿ ಕುಗ್ಗಿದ ಮೂತ್ರಪಿಂಡದ ಜೊತೆಗೆ ಹಿಗ್ಗಿದ ಹೃದಯವಿರುವುದನ್ನು ಅವನು ಕಂಡಿದ್ದ. ರಕ್ತ ಹರಿಯಲು ಹೃದಯ ಹೆಚ್ಚು ಶ್ರಮಪಡಬೇಕಾಗಿತ್ತೆಂದು ಊಹಿಸಿದ್ದ. ಊಹಿಸಿದ್ದ ಎನ್ನಲು ಕಾರಣ, ರಕ್ತದೊತ್ತಡವನ್ನು ಅಳೆಯುವ ಉಪಕರಣವೇ ಅವನ ಕೈಯಲ್ಲಿರಲಿಲ್ಲ. ತೋಳಿಗೆ ಸುತ್ತುವ ಪಟ್ಟಿ ಬಂದದ್ದು ಇಟಲಿಯ ರೀವಾ-ರೊಚ್ಚಿಯಿಂದ, 1896ರಲ್ಲಿ. ಕ್ಲೀವ್‌ಲೆಂಡಿನ ಹ್ಯಾರಿ ಗೋಲ್ಡ್‌ಬ್ಲಾಟ್ 1934ರಲ್ಲಿ ನಾಯಿಗಳ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಚಿಮುಟದಿಂದ ಬಿಗಿದು, ಅಷ್ಟರಿಂದಲೇ ಇಡೀ ದೇಹದ ಒತ್ತಡ ಏರುವುದನ್ನು ತೋರಿಸಿದ. ಬ್ರೈಟನ ಊಹೆಗೆ ಸಾಕ್ಷಿ ದೊರೆಯಲು ನೂರು ವರ್ಷ ಹಿಡಿಯಿತು.

ಈ ರೋಗದ ದೊಡ್ಡ ಕಷ್ಟವೆಂದರೆ ಅದರ ಮೌನ. ಹಲ್ಲುನೋವು ಒಂದೇ ರಾತ್ರಿಯಲ್ಲಿ ಮನುಷ್ಯನನ್ನು ವೈದ್ಯನ ಬಾಗಿಲಿಗೆ ಅಟ್ಟುತ್ತದೆ. ಮೂತ್ರಪಿಂಡದ ಅರ್ಧ ಶಕ್ತಿ ಹೋದರೂ ದೇಹ ಒಂದು ಮಾತೂ ಆಡದು. ನಾನು ಹೇಳಹೊರಟ ಮೇಷ್ಟ್ರು ನನ್ನ ಬಳಿಗೆ ಬಂದದ್ದೂ ಯಾವ ನೋವಿಗಾಗಿಯೂ ಅಲ್ಲ. ಭಾನುವಾರ ಬೆಳಿಗ್ಗೆ ಜೆ.ಪಿ. ನಗರದ ಉದ್ಯಾನವೊಂದರ ಬಾಗಿಲಲ್ಲಿ ಯಾರೋ ಮೇಜು ಹಾಕಿಕೊಂಡು ವಾಯುವಿಹಾರಿಗಳ ರಕ್ತದೊತ್ತಡ ನೋಡುತ್ತಿದ್ದರು. ಪುಕ್ಕಟೆ ಎಂದು ಮೇಷ್ಟ್ರೂ ಕೈಚಾಚಿದರು, 170 ಬಂತು. ನನ್ನಲ್ಲಿಗೆ ಬಂದು, “ನನಗೇನೂ ಆಗಿಲ್ಲ ಡಾಕ್ಟರೆ, ಇವಳ ಒತ್ತಾಯಕ್ಕೆ ಬಂದೆ” ಎಂದು ಪತ್ನಿಯ ಕಡೆ ತಿರುಗಿ ನಕ್ಕರು. ಪರೀಕ್ಷೆ ಮಾಡಿಸಿದಾಗ ಮೂತ್ರದಲ್ಲಿ ಆಲ್ಬುಮಿನ್ ಇತ್ತು; ಸೋಸುವ ಶಕ್ತಿ ಅರ್ಧಕ್ಕಿಂತ ಕೆಳಗಿಳಿದಿತ್ತು. ಬನಶಂಕರಿ ಎರಡನೆಯ ಹಂತದಲ್ಲಿ ವಾಸ, ವಯಸ್ಸು 68. ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ಕನ್ನಡ ಪಾಠ ಹೇಳಿದವರು.

ಅಳೆಯುವ ವಿಚಾರದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸಿಲ್ಕ್‌ಬೋರ್ಡಿನ ವಾಹನಗಳ ನಡುವೆ ಒಂದು ಗಂಟೆ ಸಿಕ್ಕಿಕೊಂಡು, ಎರಡು ಮಹಡಿ ಹತ್ತಿ, ಟೋಕನ್ ಕೂಗಿದೊಡನೆ ಒಳಗೆ ಧಾವಿಸಿ ಬಂದವರ ತೋಳಿಗೆ ಪಟ್ಟಿ ಸುತ್ತಿ ಬರೆದುಕೊಳ್ಳುವ ಅಂಕಿ, ರಕ್ತನಾಳದ್ದೋ ಬೆಂಗಳೂರಿನ ರಸ್ತೆಯದೋ ಹೇಳುವುದು ಕಷ್ಟ. ಸಂಶೋಧನೆಗಳಲ್ಲಿ ಹಾಗಲ್ಲ. ಐದು ನಿಮಿಷ ಬೆನ್ನೊರಗಿಸಿ, ಮಾತಿಲ್ಲದೆ ಕೂರಿಸಿ, ಒಂದಕ್ಕಿಂತ ಹೆಚ್ಚು ಸಲ ಅಳೆದು ಸರಾಸರಿ ತೆಗೆಯುತ್ತಾರೆ. ಮೂತ್ರಪಿಂಡದ ರೋಗಿಗಳ ಮೇಲಿನ ಒತ್ತಡ 120ಕ್ಕಿಂತ ಕೆಳಗಿರಲಿ ಎಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವಾಗ, ಹೀಗೆ ಕ್ರಮವರಿತು ಅಳೆದ 120ನ್ನು ಹೇಳುತ್ತದೆಯೇ ಹೊರತು ಅವಸರದ 120ನ್ನಲ್ಲ.

ಇನ್ನು ಪ್ರಯೋಗ ಏಕೆ ಬೇಕು? ಅನುಭವವುಳ್ಳ ವೈದ್ಯರ ಮಾತು ಸಾಲದೆ? ಸಾಲದು ಎಂಬುದಕ್ಕೆ ನನ್ನ ಕಸುಬಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಕ್ಲೋರ್‌ಥಾಲಿಡೋನ್ ಎಂಬುದು ಮೂತ್ರವನ್ನು ಹೆಚ್ಚಿಸಿ ಒತ್ತಡ ಇಳಿಸುವ ಗುಳಿಗೆ. 1960ರ ಸುಮಾರಿನಿಂದ ಬಳಕೆಯಲ್ಲಿರುವ ಅಗ್ಗದ ಔಷಧ. ಮೂತ್ರಪಿಂಡ ತೀರ ಕೆಟ್ಟವರಲ್ಲಿ ಇದು ಕೆಲಸ ಮಾಡುವುದಿಲ್ಲವೆಂದು ನಮಗೆ ಕಲಿಸಿದ್ದರು. ನಾವೂ ನಮ್ಮ ಶಿಷ್ಯರಿಗೆ ಕಲಿಸಿದೆವು. ಪರೀಕ್ಷೆಯಲ್ಲಿ ಹಾಗೆ ಬರೆದವರಿಗೆ ನಾನೇ ಅಂಕ ಕೊಟ್ಟಿದ್ದೇನೆ. ಅಮೆರಿಕದ ಇಂಡಿಯಾನ ರಾಜ್ಯದಲ್ಲಿ ರಾಜೀವ್ ಅಗರ್ವಾಲರೂ ಅವರ ಸಂಗಡಿಗರೂ ಅಂಥ 160 ರೋಗಿಗಳನ್ನು ತೆಗೆದುಕೊಂಡು, ಕೆಲವರಿಗೆ ಈ ಗುಳಿಗೆಯನ್ನೂ ಕೆಲವರಿಗೆ ನೋಡಲು ಅದರಂತೆಯೇ ಇದ್ದು ಔಷಧವಿಲ್ಲದ ಗುಳಿಗೆಯನ್ನೂ 12 ವಾರ ಕೊಟ್ಟರು. ಯಾರಿಗೆ ಯಾವುದೆಂದು ಕೊಡುವವರಿಗೂ ಗೊತ್ತಿಲ್ಲ, ನುಂಗುವವರಿಗೂ ಗೊತ್ತಿಲ್ಲ. 2021ರಲ್ಲಿ ಫಲಿತಾಂಶ ಹೊರಬಂತು. ಔಷಧವಿಲ್ಲದ ಗುಳಿಗೆಯವರಲ್ಲಿ ಮೇಲಿನ ಒತ್ತಡ ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು. ಔಷಧ ಪಡೆದವರಲ್ಲಿ 11ರಷ್ಟು ಇಳಿದಿತ್ತು. ಅವರಲ್ಲಿ ತಲೆಸುತ್ತು, ಪೊಟ್ಯಾಸಿಯಂ ಇಳಿಯುವುದು ಮೊದಲಾದ ತೊಂದರೆಗಳೂ ಹೆಚ್ಚಾಗಿ ಕಂಡವು, ಅದೂ ನಿಜ. ಆದರೆ ಕೆಲಸವೇ ಮಾಡದೆಂಬ ಮಾತು ಬಿದ್ದುಹೋಯಿತು. ಅರ್ಧ ಶತಮಾನದ ಪಾಠವೊಂದನ್ನು ತಿದ್ದಲು 160 ಮಂದಿ ಸಾಕಾದರು. ಅವರು “ನನಗೆ ಯಾವ ಗುಳಿಗೆಯೆಂದು ತಿಳಿಯದಿದ್ದರೂ ಚಿಂತೆಯಿಲ್ಲ” ಎಂದು ಒಪ್ಪದೆ ಹೋಗಿದ್ದರೆ ನಾನಿನ್ನೂ ಅದೇ ಪಾಠವನ್ನು ಒಪ್ಪಿಸುತ್ತಿದ್ದೆ.

ರಕ್ತದೊತ್ತಡದ ಔಷಧ ಪರೀಕ್ಷೆ ನಮ್ಮ ದೇಶಕ್ಕೆ ಹೊಸದೂ ಅಲ್ಲ. ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ನಮ್ಮ ಸರ್ಪಗಂಧದ ಬೇರನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು ಕಂಡದ್ದನ್ನು 1949ರಲ್ಲಿ ಬ್ರಿಟಿಷ್ ಹೃದಯ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತು ಇತ್ತ ತಿರುಗಿ ನೋಡಿತು. ಬಿ.ಟಿ.ಎಂ. ಬಡಾವಣೆಯಿಂದ ಹೆಚ್ಚು ದೂರವಿಲ್ಲದ ಸೇಂಟ್ ಜಾನ್ಸ್ ಸಂಸ್ಥೆಯವರು, ಒತ್ತಡದ ಔಷಧಗಳನ್ನೂ ಕೊಬ್ಬಿಳಿಸುವ ಔಷಧವನ್ನೂ ಆಸ್ಪಿರಿನ್ನನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿ ಕೊಡುವ ಪ್ರಯೋಗವೊಂದನ್ನು ದೇಶದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ನಡೆಸಿ 2009ರಲ್ಲಿ ವರದಿ ಕೊಟ್ಟರು. ಆದರೂ ಮೂತ್ರಪಿಂಡದ ವಿಷಯದಲ್ಲಿ ನಾವು ನಂಬಿರುವ ಅಂಕಿಗಳಲ್ಲಿ ಬಹುಪಾಲು ಬೇರೆಯವರ ದೇಹಗಳಿಂದ ಬಂದವು. 2015ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು, ಮೇಲಿನ ಒತ್ತಡವನ್ನು 140ರ ಕೆಳಗಿಡುವುದಕ್ಕಿಂತ 120ರ ಕೆಳಗಿಟ್ಟರೆ ಹೆಚ್ಚು ಜನ ಬದುಕುತ್ತಾರೆಂದು ತೋರಿಸಿತು. 9,361 ಜನರಿದ್ದ ಆ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯವರನ್ನು ಸೇರಿಸಿಕೊಂಡೇ ಇರಲಿಲ್ಲ. ನನ್ನ ಕೊಠಡಿಯ ಹೊರಗೆ ಬೆಂಚಿನ ಮೇಲೆ ಕುಳಿತವರಲ್ಲಿ ಸಕ್ಕರೆ ಇಲ್ಲದವರನ್ನು ನಾನು ಹುಡುಕಬೇಕು.

ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ 2,091 ವಯಸ್ಕರನ್ನು ಪರೀಕ್ಷಿಸಿದ ವೈದ್ಯರ ವರದಿಯೊಂದು 2014ರಲ್ಲಿ ಬಂತು. ಅದನ್ನು ಓದಿದಾಗ ನನಗೆ ನಗುವೂ ಬಂತು, ದಿಗಿಲೂ ಆಯಿತು. ರಕ್ತದಲ್ಲಿನ ಕ್ರಿಯಾಟಿನಿನ್ ಅಳತೆಯಿಂದ ಸೋಸುವ ಶಕ್ತಿಯನ್ನು ಲೆಕ್ಕಹಾಕಲು ಹಲವು ಸೂತ್ರಗಳಿವೆ. ಒಂದು ಸೂತ್ರದಂತೆ ಆ ಹಳ್ಳಿಗರಲ್ಲಿ ನೂರಕ್ಕೆ 6.3 ಜನರಿಗೆ ಮೂತ್ರಪಿಂಡದ ಕಾಯಿಲೆ. ಇನ್ನೊಂದರಂತೆ ನೂರಕ್ಕೆ 16ಕ್ಕೂ ಹೆಚ್ಚು. ಜನ ಅವರೇ, ರಕ್ತ ಅದೇ. ಸೂತ್ರಗಳು ಮಾತ್ರ ಒಂದು ಅಮೆರಿಕದ ರೋಗಿಗಳಿಂದ, ಇನ್ನೊಂದು ಕೆನಡದ 249 ಗಂಡಸರಿಂದ ಹುಟ್ಟಿದವು. ಮುದ್ದೆ ಸಾರು ಉಂಡು ಗದ್ದೆಯಲ್ಲಿ ದುಡಿಯುವ ಸಣಕಲು ದೇಹ ಅವುಗಳ ಲೆಕ್ಕದಲ್ಲಿ ಇರಲಿಲ್ಲ. ನಮ್ಮ ಜನ ಪ್ರಯೋಗಗಳಿಗೆ ಸೇರದಿದ್ದರೆ ನಮ್ಮ ಲೆಕ್ಕ ಹೀಗೆಯೇ ಎರವಲು ಲೆಕ್ಕವಾಗಿ ಉಳಿಯುತ್ತದೆ. ಈ ನಂಬಿಕೆಯಿಂದಲೇ ನಾನು ರೋಗಿಗಳನ್ನು ಪ್ರಯೋಗಕ್ಕೆ ಕರೆಯುತ್ತಿದ್ದೆ. ಈಗಲೂ ಕರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಅಂಥದೇ ಒಂದು ಪ್ರಯೋಗಕ್ಕೆ ಮೇಷ್ಟ್ರನ್ನು ಕರೆದೆ. ಹಲವು ದೇಶಗಳಲ್ಲಿ ನಡೆಯುತ್ತಿದ್ದ ಅಧ್ಯಯನ. ಮಾಮೂಲಿನ ಔಷಧಗಳನ್ನು ಬಿಡುವಂತಿಲ್ಲ. ಅವುಗಳ ಜೊತೆಗೆ ಇನ್ನೊಂದು ಗುಳಿಗೆ, ಅದರಲ್ಲಿ ಔಷಧವಿದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ನಾನು ವಿವರಿಸುತ್ತಿದ್ದಂತೆಯೇ ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು, “ನೀವು ಹೇಳಿದ ಮೇಲೆ ಮತ್ತೇನಿದೆ ಡಾಕ್ಟರೆ? ಎಲ್ಲಿ ಸಹಿ ಹಾಕಬೇಕು ತೋರಿಸಿ” ಎಂದರು. ಮನೆಗೆ ಒಯ್ದು ಓದಿ ಬನ್ನಿ ಎಂದು ಪತ್ರವನ್ನು ಕೈಗಿತ್ತೆ. ಹಾಗೆ ಹೇಳಬೇಕಾದದ್ದು ನಿಯಮ. ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡವರನ್ನು ಅದುವರೆಗೆ ನಾನು ಕಂಡಿರಲಿಲ್ಲ.

ಒಂದು ವಾರದ ಮೇಲೆ ಮೇಷ್ಟ್ರು ಬಂದರು. ಪತ್ರದ ತುಂಬ ಕೆಂಪು ಶಾಯಿ.

“ಡಾಕ್ಟರೆ, ಈ ವಯಸ್ಸಿನಲ್ಲಿ ನನ್ನನ್ನು ಯಾರೂ ವಿಷಯಿ ಎಂದಿರಲಿಲ್ಲ” ಎಂದು ಮೊದಲ ಪುಟವನ್ನು ಮುಂದಿಟ್ಟರು. ಪ್ರಯೋಗಕ್ಕೆ ಒಳಗಾಗುವ ವ್ಯಕ್ತಿಗೆ ಇಂಗ್ಲಿಷಿನಲ್ಲಿರುವ ಪದವನ್ನು ಅನುವಾದಕರು ಯಾರೋ ‘ವಿಷಯಿ’ ಎಂದು ಮಾಡಿದ್ದರು. ವಿಷಯಿ ಎಂದರೆ ಕನ್ನಡದಲ್ಲಿ ವಿಷಯಸುಖಗಳಲ್ಲಿ ಮುಳುಗಿದವನೆಂದು ಅರ್ಥ. ಪುಟಪುಟದಲ್ಲಿಯೂ ಆ ವಿಷಯಿ ಬರುತ್ತಿದ್ದ: ವಿಷಯಿಯು ಬೆಳಿಗ್ಗೆ ಗುಳಿಗೆ ನುಂಗಬೇಕು, ವಿಷಯಿಯು ಮೂತ್ರವನ್ನು 24 ಗಂಟೆ ಸಂಗ್ರಹಿಸಬೇಕು. ಮೇಷ್ಟ್ರು ಎಲ್ಲ ಕಡೆಯೂ ಹೊಡೆದುಹಾಕಿ ‘ನೀವು’ ಎಂದು ಬರೆದಿದ್ದರು.

ಎರಡನೆಯ ಪುಟದಲ್ಲಿ ‘ದ್ವಿ-ಅಂಧ ಅಧ್ಯಯನ’ ಎಂದಿತ್ತು. ಮೇಷ್ಟ್ರ ಪತ್ನಿ, “ಈ ಗುಳಿಗೆಯಿಂದ ಕಣ್ಣಿಗೇನಾದರೂ ತೊಂದರೆಯೆ?” ಎಂದು ಕೇಳಿದರು. ಇಲ್ಲಮ್ಮ, ಯಾವ ಗುಳಿಗೆಯೆಂದು ನಮ್ಮಿಬ್ಬರಿಗೂ ತಿಳಿಯುವುದಿಲ್ಲ, ಅಷ್ಟೇ ಅದರ ಅರ್ಥ ಎಂದೆ. “ಅಷ್ಟನ್ನೇ ಬರೆಯಬಹುದಾಗಿತ್ತಲ್ಲ” ಎಂದರು ಆಕೆ.

ಮುಂದಿನದು ‘ಯಾದೃಚ್ಛಿಕೀಕರಣ’. ಅದನ್ನು ಗಟ್ಟಿಯಾಗಿ ಓದಿ ಎಂದು ಮೇಷ್ಟ್ರು ನನಗೆ ಅಪ್ಪಣೆ ಮಾಡಿದರು. ಎರಡು ಸಲ ನಾಲಗೆ ತೊಡರಿತು. ಅಂಚಿನಲ್ಲಿ ಅವರು ಬರೆದಿದ್ದುದು: ‘ಚೀಟಿ ಎತ್ತಿ ನಿರ್ಧರಿಸುವುದು’. ಔಷಧವಿಲ್ಲದ ಗುಳಿಗೆಗೆ ಪತ್ರ ಒಂದೆಡೆ ಪ್ಲಸೀಬೊ ಎಂದೂ ಇನ್ನೊಂದೆಡೆ ಹುಸಿಗುಳಿಗೆ ಎಂದೂ ಹೇಳಿತ್ತು. ಹುಸಿ ಎಂಬ ಮಾತು ನನಗೆ ಇಷ್ಟವಾಗಿತ್ತು, ಅಚ್ಚಗನ್ನಡವಲ್ಲವೆ? ಮೇಷ್ಟ್ರು ಒಪ್ಪಲಿಲ್ಲ. “ಹುಸಿಯೆಂದರೆ ಸುಳ್ಳು. ಹೀಗೆ ಹೀಗೆ ಇರಬಹುದು ಎಂದು ಮೊದಲೇ ಹೇಳಿ ಕೊಡುತ್ತಿದ್ದೀರಿ. ಹೇಳಿ ಕೊಟ್ಟದ್ದು ಸುಳ್ಳು ಹೇಗಾದೀತು? ಔಷಧವಿಲ್ಲದ ಗುಳಿಗೆ ಎಂದೇ ಬರೆಯಿರಿ.”

ಇಷ್ಟರವರೆಗೆ ನಾವು ನಗುತ್ತಲೇ ಇದ್ದೆವು. ಏಳನೆಯ ಪುಟಕ್ಕೆ ಬಂದಾಗ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಲ್ಲಿ ‘ಗಂಭೀರ ಪ್ರತಿಕೂಲ ಘಟನೆಗಳು’ ಎಂದು ಶೀರ್ಷಿಕೆ.

“ಇದರೊಳಗೆ ಸಾವೂ ಸೇರಿದೆಯೆ?”

“ಸೇರಿದೆ.”

“ಹಾಗಾದರೆ ಸಾವು ಎಂದು ಬರೆಯಿರಿ. ಘಟನೆ ಎಂದರೆ ಸಾಯುವುದೆಂದು ಯಾರಿಗೆ ತಿಳಿದೀತು?”

ಅಂಥದಾಗುವ ಸಂಭವ ಕಡಿಮೆ, ಪ್ರಯೋಗದಿಂದಲೇ ಕೇಡಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕೆಂದು 2019ರ ನಿಯಮಗಳಲ್ಲಿಯೇ ಇದೆ ಎಂದು ಹೇಳಿದೆ. ಅದೂ ಪತ್ರದಲ್ಲಿತ್ತು, ಹನ್ನೊಂದನೆಯ ಪುಟದಲ್ಲಿ. ಮೇಷ್ಟ್ರು ಬಾಣದ ಗುರುತು ಹಾಕಿ ಅದನ್ನು ಏಳನೆಯ ಪುಟಕ್ಕೆ ತಂದಿದ್ದರು. ಆಮೇಲೆ ತುಸು ಸಂಕೋಚದಿಂದ, “ನಾನು ಸೇರಿದರೆ ನಿಮಗೇನಾದರೂ ದೊರೆಯುತ್ತದೆಯೆ? ತಪ್ಪು ತಿಳಿಯಬೇಡಿ” ಎಂದರು. ಸೇರಿದ ಪ್ರತಿಯೊಬ್ಬರ ಲೆಕ್ಕದಲ್ಲಿ ಸಂಸ್ಥೆಗೆ ಖರ್ಚಿನ ಹಣ ಬರುತ್ತದೆ, ಅದರಲ್ಲಿ ಒಂದು ಭಾಗ ಸಂಶೋಧಕನಾದ ನನಗೂ ಸಲ್ಲುತ್ತದೆ ಎಂದು ಇದ್ದುದನ್ನು ಇದ್ದಂತೆ ಹೇಳಿದೆ. ಅಷ್ಟು ವರ್ಷಗಳಲ್ಲಿ ಅದನ್ನು ಕೇಳಿದವರು ಅವರೊಬ್ಬರೇ.

ಅಂದು ರಾತ್ರಿ ಊಟ ರುಚಿಸಲಿಲ್ಲ. ಹಿಂದಿನ ಪ್ರಯೋಗವೊಂದರಲ್ಲಿ ಹೆಬ್ಬೆಟ್ಟು ಒತ್ತಿದ್ದ, ಹೂವು ಮಾರಿ ಬದುಕುವ ಹೆಂಗಸೊಬ್ಬಳ ನೆನಪಾಯಿತು. ನಿಯಮದಂತೆ ಸಾಕ್ಷಿಯ ಎದುರಿಗೇ ಪತ್ರವನ್ನು ಓದಿ ಹೇಳಿದ್ದೆವು. ಆಕೆ ಒಂದು ಪ್ರಶ್ನೆಯನ್ನೂ ಕೇಳದೆ, “ನೀವು ದೇವರಿದ್ದ ಹಾಗೆ ಸ್ವಾಮಿ” ಎಂದು ಬೆರಳು ಚಾಚಿದ್ದಳು. ನಾನು ಅದನ್ನು ನನಗೆ ಸಂದ ಗೌರವವೆಂದು ತಿಳಿದು ಸಂತೋಷಪಟ್ಟಿದ್ದೆ. ಆಕೆಗೆ ಕೇಡೇನೂ ಆಗಲಿಲ್ಲ. ಕಾಗದಪತ್ರಗಳೆಲ್ಲ ಕ್ರಮವಾಗಿಯೇ ಇದ್ದವು. ಆದರೆ ಯಾದೃಚ್ಛಿಕೀಕರಣವೆಂಬ ಪದವನ್ನು ಆಕೆಯ ಮುಂದೆ ನಾನು ಓದಿದ್ದೆನಷ್ಟೆ? ಓದುವಾಗ ನಾಲಗೆ ತೊಡರಿರಬೇಕು. ಆಕೆ ಏನೆಂದುಕೊಂಡಳೋ.

ಮೇಷ್ಟ್ರ ತಿದ್ದುಪಡಿಗಳನ್ನು ನೀತಿಸಮಿತಿಯ ಮುಂದಿಟ್ಟೆ. ಇಂಥ ಪತ್ರದಲ್ಲಿ ಒಂದು ಅಕ್ಷರ ಬದಲಾಗಬೇಕಾದರೂ ಸಮಿತಿ ಒಪ್ಪಬೇಕು. ಅದಕ್ಕೆ ಮೊದಲು ಕನ್ನಡವನ್ನು ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಮೂಲಕ್ಕೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಇಲ್ಲಿ ಒಂದು ತಮಾಷೆ ನಡೆಯಿತು. ‘ಚೀಟಿ ಎತ್ತುವುದು’ ಎಂಬುದನ್ನು ತಿರುಗಿಸಿದವರು ಲಾಟರಿ ಎಂದು ಬರೆದರು. ಹಣ ಹಾಕುವ ಸಂಸ್ಥೆಯವರು ಗಾಬರಿಯಾಗಿ, ನಮ್ಮ ಅಧ್ಯಯನ ಜೂಜಲ್ಲ ಎಂದು ಕಾಗದ ಬರೆದರು. ಮೂರು ತಿಂಗಳು ಪತ್ರಗಳು ಓಡಾಡಿದ ಮೇಲೆ ‘ನಾಣ್ಯ ಚಿಮ್ಮಿ ನೋಡಿದಂತೆ’ ಎಂಬಲ್ಲಿಗೆ ರಾಜಿಯಾಯಿತು. ಚಿಮ್ಮುವ ನಾಣ್ಯಕ್ಕೂ ಎತ್ತುವ ಚೀಟಿಗೂ ಜೂಜಿನ ಮಟ್ಟಿಗೆ ಏನು ವ್ಯತ್ಯಾಸವೋ ನನಗೆ ತಿಳಿಯದು. ವಿಷಯಿ ಹೋಗಿ ನೀವು ಬಂತು. ಅಂಧತ್ವ ಹೋಯಿತು. ಸಾವು ಎಂಬ ಮಾತಿಗೆ ಸಮಿತಿಯಲ್ಲಿಯೇ ಇಬ್ಬರು ವೈದ್ಯರು ಅಡ್ಡಬಂದರು. ಹೆದರಿ ಯಾರೂ ಸೇರಲಾರರೆಂದು ಅವರ ವಾದ. ಸಮಿತಿಯಲ್ಲಿ ಸಾಮಾನ್ಯ ಜನರ ಪರವಾಗಿ ಒಬ್ಬ ಸದಸ್ಯೆಯಿದ್ದರು, ಗೃಹಿಣಿ. ಮೂರು ವರ್ಷಗಳಲ್ಲಿ ಆಕೆ ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ. ಆ ದಿನ ಆಕೆ, ಅದು ಇರಲೇಬೇಕು ಎಂದರು. ಉಳಿಯಿತು.

ಹೊಸ ಪತ್ರ ಒಂಬತ್ತು ಪುಟಕ್ಕೆ ಇಳಿದಿತ್ತು. ಅದರ ಮೊದಲ ಪ್ರತಿಯನ್ನು ಮೇಷ್ಟ್ರಿಗೇ ಕೊಟ್ಟೆ. ಅವರು ನಾಲ್ಕು ದಿನ ಇಟ್ಟುಕೊಂಡು ಹಿಂದಕ್ಕೆ ತಂದರು. ಎರಡು ಕಡೆ ಒತ್ತಕ್ಷರದ ತಪ್ಪು ತಿದ್ದಿದ್ದರು. ಸಹಿ ಮಾತ್ರ ಇರಲಿಲ್ಲ. “ಕ್ಷಮಿಸಬೇಕು ಡಾಕ್ಟರೆ. ಹದಿನೈದು ದಿನಕ್ಕೊಮ್ಮೆ ಬರಬೇಕು ಎಂದಿದೆ. ಇವಳಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಬೇಕಾಗಿದೆ, ಒಬ್ಬಳನ್ನೇ ಬಿಟ್ಟು ಬರಲಾರೆ. ಇನ್ನೊಂದು, ಹೇಳಬೇಕೋ ಬಾರದೋ, ಎರಡು ವರ್ಷ ಔಷಧವಿಲ್ಲದ ಗುಳಿಗೆ ನುಂಗಿದ್ದೆನೆಂದು ಆಮೇಲೆ ಗೊತ್ತಾದರೆ ತಡೆದುಕೊಳ್ಳುವ ಮನಸ್ಸು ನನ್ನದಲ್ಲ. ಮೊದಲನೆಯ ಪತ್ರಕ್ಕಾಗಿದ್ದರೆ ಸಹಿ ಹಾಕಿಬಿಡುತ್ತಿದ್ದೆ.”

ನನಗೆ ನಿರಾಶೆಯಾಗಲಿಲ್ಲವೆಂದರೆ ಸುಳ್ಳಾದೀತು. ನಮ್ಮ ಕೇಂದ್ರದಲ್ಲಿ ಗೊತ್ತುಮಾಡಿದ ಸಂಖ್ಯೆ ತುಂಬಲು ಹಿಂದಿಗಿಂತ ಹೆಚ್ಚು ಕಾಲ ಹಿಡಿಯಿತು. ಹೊಸ ಪತ್ರವನ್ನು ಓದಿದವರಲ್ಲಿ ಕೆಲವರು ಬೇಡವೆಂದರು. ಸೇರಿದವರು ಒಂದೊಂದು ಸಾಲಿನ ಮೇಲೆ ಬೆರಳಿಟ್ಟು ಪ್ರಶ್ನೆ ಕೇಳಿದರು. ಒಬ್ಬರ ಜೊತೆ ಹತ್ತು ನಿಮಿಷ ಸಾಕಾಗುತ್ತಿದ್ದಲ್ಲಿ ಮುಕ್ಕಾಲು ಗಂಟೆ ಬೇಕಾಯಿತು. ಆದರೆ ನಡುವೆ ಬಿಟ್ಟುಹೋದವರು ಹಿಂದಿಗಿಂತ ಕಡಿಮೆ. ಬಿ.ಟಿ.ಎಂ. ಬಡಾವಣೆಯ ದರ್ಜಿಯೊಬ್ಬರು 24 ಗಂಟೆಯ ಮೂತ್ರದ ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತರುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ಏಕೆ ಸೇರಿದಿರಿ ಎಂದು ನಾನು ಕೇಳಿದ್ದೆ. ಅವರ ತಂದೆ ಡಯಾಲಿಸಿಸ್ಸಿನಲ್ಲಿ ತೀರಿಕೊಂಡಿದ್ದರಂತೆ. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ.

ಮೇಷ್ಟ್ರು ಮಾಮೂಲಿನ ಚಿಕಿತ್ಸೆಗೆ ತಿಂಗಳಿಗೊಮ್ಮೆ ಬರುತ್ತಾರೆ. ಮನೆಯಲ್ಲಿ ಬೆಳಿಗ್ಗೆ ಸಂಜೆ ಅಳೆದ ಒತ್ತಡವನ್ನು ನೂರು ಪುಟದ ನೋಟುಬುಕ್ಕಿನಲ್ಲಿ ಗೆರೆ ಹಾಕಿ ಬರೆದು ತರುತ್ತಾರೆ. ಉಪ್ಪಿನಕಾಯಿ ಬಿಟ್ಟಿದ್ದಾರೆ, ಹಪ್ಪಳದ ವಿಷಯದಲ್ಲಿ ಅವರ ಮಾತನ್ನು ನಾನು ಪೂರ್ತಿ ನಂಬಿಲ್ಲ. ಪ್ರಯೋಗದ ಫಲಿತಾಂಶ ಬಂತೆ ಎಂದು ಪ್ರತಿ ಸಲವೂ ಕೇಳುತ್ತಾರೆ. ಇನ್ನೂ ಬಂದಿಲ್ಲ. ಬಂದಾಗ ಅದರ ಸಾರಾಂಶವನ್ನು ನಾನೇ ಕನ್ನಡದಲ್ಲಿ ಬರೆಯಬೇಕಂತೆ, ತಿದ್ದಿಕೊಡುವ ಕೆಲಸ ತಮ್ಮದಂತೆ.